ಕಾಗದ ಹಿಡಿಯುವ ತಗಡಿಗೆ ನಂಬರ್ ಸಿಕ್ಕ ಕಥೆ

ಬೆಳಗಾವಿ ಕೋರ್ಟ್ ಆವಾರದ ಹೊರಗೆ ಜಾಬ್ ಟೈಪಿಂಗ್ ಮಾಡುವ ನಮ್ಮ ಮಂದಿಗೆ ಸುದ್ದಿ ಹೇಗೋ ಮುಟ್ಟಿದೆ. ಚಹಾಕ್ಕೆ ನಿಂತರೂ ಅದೇ ಮಾತು: "ಪೇಟೆಂಟ್ ಸಿಕ್ತಂತಲ್ರೀ ಅಕ್ಕಾರ, ಪಾರ್ಟಿ ಯಾವಾಗ?" ಪೇಟೆಂಟ್ ಸಿಕ್ಕಿಲ್ಲ. ಸಿಕ್ಕಿರುವುದು ಡಿಸೈನ್ ನೋಂದಣಿಯ ಪ್ರಮಾಣಪತ್ರ. ಅದು ಹೊಸ ತಂತ್ರಕ್ಕೆ, ಇದು ಕಣ್ಣಿಗೆ ಕಾಣುವ ರೂಪಕ್ಕೆ; ಅದು ಬೇರೆ, ಇದು ಬೇರೆ. ಆ ವ್ಯತ್ಯಾಸ ನನ್ನ ತಲೆಗೆ ಹೋಗಿ, ಅರ್ಜಿ ಹಾಕಿ, ಕೈಗೆ ಕಾಗದ ಬರುವಷ್ಟರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ದೀಪಾವಳಿ ಕಳೆದವು. ಏನೋ ಒಂದು ಸಣ್ಣ ಸಲಕರಣೆ ಮಾಡಿಟ್ಟುಕೊಂಡು "ಇದನ್ನ ರಿಜಿಸ್ಟರ್ ಮಾಡಿಸಬೇಕಲ್ಲ" ಎಂದು ಕೂತವರು ಉದ್ಯಮಬಾಗ್‌ನಲ್ಲೂ ಇದ್ದಾರೆ, ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲೂ ಇದ್ದಾರೆ. ಅವರಾದರೂ ನನ್ನಷ್ಟು ಅಲೆಯದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ವಸ್ತು ಏನೆಂದು ಮೊದಲು ಹೇಳಿಬಿಡುತ್ತೇನೆ. ನೋಡಿಕೊಂಡು ಟೈಪ್ ಮಾಡಬೇಕಾದ ಕಾಗದವನ್ನು ಕೀಬೋರ್ಡಿಗೂ ಪರದೆಗೂ ನಡುವೆ ನಿಲ್ಲಿಸುವ ಒಂದು ತಗಡಿನ ಸ್ಟ್ಯಾಂಡು. ಅದರ ಮೇಲೆ ಸಾಲಿನಿಂದ ಸಾಲಿಗೆ ಸರಿಸುವ ಒಂದು ಮ್ಯಾಗ್ನೆಟ್ ಪಟ್ಟಿ. ಇಷ್ಟೇ. ಕರೆಂಟು ಬೇಡ, ವೈರು ಬೇಡ.

ಇದರ ಅಗತ್ಯ ನಮ್ಮಂಥವರಿಗೇ ಗೊತ್ತು. ಬೆಳಗಾವಿಯಲ್ಲಿ ಟೈಪಿಂಗ್ ಎಂದರೆ ಮೂರು ಭಾಷೆಯ ಕೆಲಸ. ಬೆಳಿಗ್ಗೆ ನುಡಿ ತಂತ್ರಾಂಶದಲ್ಲಿ ಕನ್ನಡದ ವಾಟ್ನಿ (ಆಸ್ತಿ ಪಾಲು) ಪತ್ರ, ಮಧ್ಯಾಹ್ನ ಯಾರದೋ ಅಜ್ಜನ ಕಾಲದ ಮರಾಠಿ ಖರೀದಿ ಪತ್ರದ ನಕಲು, ಸಂಜೆ ಇಂಗ್ಲಿಷಿನಲ್ಲಿ ಮೇಲ್ಮನವಿ. ಎದುರಿಗೆ ಬರುವ ಹಳೆಯ ಕಾಗದಗಳು ಬಹುತೇಕ ಲೀಗಲ್ ಸೈಜಿನವು, 14 ಇಂಚು ಉದ್ದ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಟ್ಯಾಂಡು ಎ4 ಹಾಳೆಗೆ ಮಾಡಿದ್ದು, ಅಂದರೆ 11.7 ಇಂಚಿಗೆ. ಮಿಕ್ಕ ಎರಡು ಇಂಚು ಚಿಲ್ಲರೆ ಮೇಲಿಂದ ಮಡಚಿಕೊಂಡು ಬೀಳುತ್ತದೆ, ಫ್ಯಾನು ಹಾಕಿದರೆ ಇಡೀ ಹಾಳೆಯೇ ಹಾರುತ್ತದೆ. ಅದಕ್ಕೇ ಎಲ್ಲರೂ ಕಾಗದವನ್ನು ಎಡಗಡೆ ಮೇಜಿನ ಮೇಲಿಟ್ಟು, ಸ್ಟೇಪ್ಲರನ್ನೋ ಮೊಬೈಲನ್ನೋ ಅದರ ಮೇಲೆ ಹೇರಿ, ಕತ್ತು ತಿರುಗಿಸಿ ತಿರುಗಿಸಿ ಹೊಡೆಯುತ್ತಾರೆ. ನನ್ನ ಕತ್ತು ಎಡಕ್ಕೆ ಹಿಡಿದುಕೊಂಡು ಬಿಟ್ಟಾಗ ಟಿಳಕವಾಡಿಯ ಫಿಸಿಯೋಥೆರಪಿ ಡಾಕ್ಟರು ಹೇಳಿದ್ದು ಇಷ್ಟು: "ಶೇಕ ಕೊಡೋದು ಆಮ್ಯಾಲ. ಮೊದಲ ಕಾಗದ ಎದುರಿಗೆ ತರ್ರಿ."

ಇನ್ನೊಂದು ತಾಪತ್ರಯ ಸಾಲು ತಪ್ಪುವುದು. ಆಸ್ತಿ ಪತ್ರದಲ್ಲಿ ಚಕಬಂದಿ ಬರೆಯುವಾಗ ಒಂದೇ ಥರದ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ಜಮೀನು, ಎಕರೆ, ಗುಂಟೆ, ಆಣೆ, ರಿ.ಸ.ನಂ. (ಸರ್ವೆ ನಂಬರು). ಕಣ್ಣು ಪರದೆಗೆ ಹೋಗಿ ವಾಪಸು ಬರುವಾಗ ಒಂದು ಸಾಲು ಕೆಳಗಿಳಿದರೆ ಒಬ್ಬರ ಬಾಂದು ಇನ್ನೊಬ್ಬರ ಹೊಲಕ್ಕೆ ಹೋಯಿತೆಂದೇ ಲೆಕ್ಕ. ಸಾಲಿನ ಕೆಳಗೆ ಪಟ್ಟಿ ಇಡುವುದು ಹಳೆಯ ಟೈಪಿಸ್ಟರ ಪದ್ಧತಿ. ಆ ಪಟ್ಟಿಯೇ ಕಾಗದವನ್ನೂ ಹಿಡಿದುಕೊಂಡರೆ ಹೇಗೆ ಎಂದು ಹೊಳೆದದ್ದು ಹಳೆಯ ಫ್ರಿಜ್ಜಿನ ಬಾಗಿಲ ರಬ್ಬರು ಬದಲಿಸುವಾಗ. ಆ ರಬ್ಬರಿನೊಳಗೆ ಉದ್ದಕ್ಕೂ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಮೆಕ್ಯಾನಿಕ್ ಬಿಸಾಡಲು ಹೊರಟಿದ್ದನ್ನು ಇಸಿದುಕೊಂಡು, ಪಟ್ಟಿ ಬಿಡಿಸಿ, ಸ್ಟೀಲ್ ಸ್ಕೇಲಿಗೆ ಅಂಟಿಸಿದೆ. ಮದುವೆ ಕಾರ್ಡಿನ ರಟ್ಟು ಕತ್ತರಿಸಿ ಸ್ಟ್ಯಾಂಡಿನ ಮಾದರಿ ಮಾಡಿಕೊಂಡೆ. ರಟ್ಟಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲವಲ್ಲ, ತಗಡೇ ಬೇಕಾಯಿತು.

ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಹೈಡ್ರಾಲಿಕ್ ಬಿಡಿಭಾಗದ ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಸಣ್ಣ ಸಣ್ಣ ಶೆಡ್ಡುಗಳಿವೆ. ಅವುಗಳಲ್ಲೊಂದರ ಮಾಮಾ ನಮ್ಮ ಮನೆಯ ಗ್ರಿಲ್ಲು ಮಾಡಿಕೊಟ್ಟವರು. ರಟ್ಟಿನ ಮಾದರಿಯನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಬೆಂಡ್ ಎಷ್ಟ್ ಡಿಗ್ರಿ ಪಾಹಿಜೆ ಅಕ್ಕಾರ?" ಎಂದರು. ಡಿಗ್ರಿ ಯಾರಿಗೆ ಗೊತ್ತು? ಕುರ್ಚಿ ಎಳೆದು ಕೂತು, ಟೈಪ್ ಮಾಡುವ ಹಾಗೆ ಕೈ ಚಾಚಿ, ಅವರು ತಗಡು ಹಿಂದೆ ಮುಂದೆ ವಾಲಿಸುತ್ತಿದ್ದಂತೆ "ಇಲ್ಲೇ, ಇಲ್ಲೇ" ಎಂದೆ. ಅವರು ಚಾಕ್‌ಪೀಸಿನಿಂದ ಗೆರೆ ಎಳೆದುಕೊಂಡರು. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ತಗಡಿನಲ್ಲಿ ಮಾಡಿದರೆ ಫಳಫಳ ಹೊಳೆಯುತ್ತದೆ, ಜಂಗು ಹಿಡಿಯುವುದಿಲ್ಲ ಎಂದು ಅವರೇ ಆಸೆಪಟ್ಟು 304 ಗ್ರೇಡಿನ ಒಂದು ತುಂಡು ಬಗ್ಗಿಸಿದರು. ಪಟ್ಟಿ ಇಟ್ಟರೆ ಸರ್ರನೆ ಜಾರಿ ಕೆಳಗೆ. ಆ ಗ್ರೇಡಿನ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲವೆನ್ನಬಹುದು. ಕೊನೆಗೆ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ತಗಡು, ಅಂಚು ಕೈ ಕೊಯ್ಯದಂತೆ ಗ್ರೈಂಡರಿನಿಂದ ಉಜ್ಜಿ, ಮೇಲೆ ಕಪ್ಪು ಪೌಡರ್ ಕೋಟಿಂಗ್. ಮೊದಲನೆಯದಕ್ಕೆ ಎಲ್ಲ ಸೇರಿ 650 ರೂಪಾಯಿ ಆಯಿತು.

ಆಕಾರ ಕೂಡಿಬಂದದ್ದೂ ಆ ಶೆಡ್ಡಿನಲ್ಲೇ. ಮೇಲೆ ಅಗಲ, ಕೆಳಗೆ ಕಿರಿದು, ಎರಡೂ ಬದಿ ಮುಂದಕ್ಕೆ ಮಡಿಚಿದ ಅಂಚು. ಗೋಡೆಗೆ ಒರಗಿಸಿಟ್ಟ ಮೊರದ ಹಾಗೆ. ಬದಿಯ ಅಂಚು ಇರುವುದರಿಂದ ಫ್ಯಾನಿನ ಗಾಳಿ ಕಾಗದದ ಹಿಂದೆ ಹೊಕ್ಕು ಅದನ್ನು ಎಬ್ಬಿಸುವುದಿಲ್ಲ. ಕೆಳಗೆ ಕಿರಿದಾಗಿರುವುದರಿಂದ ಕೀಬೋರ್ಡಿನ ಮೇಲಿನ ಸಾಲಿಗೆ ಬೆರಳು ತಗಲುವುದಿಲ್ಲ. ಈ ಆಕಾರದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕೆಲಸಕ್ಕೆ ಬಂತು.

ಇಲ್ಲಿಯವರೆಗೆ ಖುಷಿಯ ಭಾಗ. ನಾನು ಡ್ರಾಫ್ಟ್ ಟೈಪ್ ಮಾಡಿಕೊಡುವ ಒಬ್ಬ ವಕೀಲ ಸಾಹೇಬರಿಗೆ ವಿಷಯ ಹೇಳಿದಾಗ ಅವರು ಮೊದಲು ಕೇಳಿದ್ದು "ಅಂಗಡಿಯೊಳಗ ಇಟ್ಟೀರೇನು?" ಎಂದು. ಇನ್ನೂ ಇಲ್ಲ ಎಂದೆ. "ಇಡಬ್ಯಾಡ್ರಿ. ಫೋಟೋ ಯಾರಿಗೂ ಕಳಸಬ್ಯಾಡ್ರಿ. ವಾಟ್ಸಾಪ್ ಸ್ಟೇಟಸ್ ಅಂತೂ ಬ್ಯಾಡೇ ಬ್ಯಾಡ." ಅರ್ಜಿ ಹಾಕುವ ಮುಂಚೆ ಹತ್ತು ಜನ ನೋಡುವಂತೆ ಬಹಿರಂಗವಾದರೆ ಹೊಸತನ ಹೋಯಿತು ಎನ್ನುತ್ತದೆ ಕಾನೂನು. ಪೇಟೆಂಟಿಗೂ ಅದೇ, ಡಿಸೈನಿಗೂ ಅದೇ. ನನ್ನ ಅಂಗಡಿಗೆ ಬಾಗಿಲೇ ಇಲ್ಲ, ಬರೀ ಶಟರು. ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಹೀಗಾಗಿ ಕತ್ತುನೋವಿಗೆಂದು ಮಾಡಿಸಿದ ವಸ್ತು ಮನೆಯಲ್ಲಿ, ಕತ್ತುನೋವು ಅಂಗಡಿಯಲ್ಲಿ. ರಾತ್ರಿ ಊಟವಾದ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಉಳಿದ ಕೆಲಸ ಮಾಡುವಾಗ ಮಾತ್ರ ಅದರ ಸುಖ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಇಡೀ ಪ್ರಕ್ರಿಯೆಯಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ ಭಾಗ ಇದು.

ಮಾಮಾನ ಜೊತೆ ಗುಟ್ಟು ಕಾಯುವ ಕರಾರು ಬರೆಸಿಕೊಳ್ಳಿ ಎಂದೂ ವಕೀಲರು ಹೇಳಿದರು. ಊರಿಗೆಲ್ಲ ಕರಾರುಪತ್ರ ಹೊಡೆದುಕೊಡುವವಳಿಗೆ ಅದೊಂದು ಸುಲಭದ ಕೆಲಸ. ಇ-ಸ್ಟಾಂಪ್ ಕಾಗದ ತಂದು ಒಂದು ಪುಟದಲ್ಲಿ ಮುಗಿಸಿದೆ. ಮಾಮಾ ಸಹಿ ಮಾಡುವಾಗ, "ಗ್ರಿಲ್ಲಿಗೆ ಬರಸ್ಕೊಳ್ಳಲಿಲ್ಲ, ಈ ಡಬರಿಗೆ ಬರಸ್ಕೊಳ್ಳಾಕತ್ತೀರಿ" ಎಂದು ನಕ್ಕರು. ನೀವು ಯಾರಿಂದಲಾದರೂ ಮಾದರಿ ಮಾಡಿಸುತ್ತಿದ್ದರೆ ಸಂಕೋಚ ಬಿಟ್ಟು ಇದನ್ನು ಮಾಡಿಸಿ.

ಆಮೇಲೆ ಹುಡುಕಾಟ. ಪೇಟೆಂಟಿಗೆ ಹೋಗುವ ಮುಂಚೆ ಅಂಥದ್ದು ಮೊದಲೇ ಇದೆಯೋ ಎಂದು ನೋಡಬೇಕು. ಭಾರತದ್ದನ್ನು ನೋಡಲು ಪೇಟೆಂಟ್ ಕಚೇರಿಯದೇ ಇನ್‌ಪಾಸ್ ಎಂಬ ಹುಡುಕುತಾಣವಿದೆ, ಹೊರದೇಶದ್ದಕ್ಕೆ ಗೂಗಲ್ ಪೇಟೆಂಟ್ಸ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಕಾಪಿ ಹೋಲ್ಡರ್ ಎನ್ನುತ್ತಾರೆಂದು ಗೊತ್ತಾಗಿ ಅದನ್ನು ಹೊಡೆದರೆ ಬಂದ ಪಟ್ಟಿ ನೋಡಿ ಎದೆ ಧಸಕ್ ಎಂದಿತು. ಟೈಪ್‌ರೈಟರ್ ಕಾಲದಿಂದ ಜನ ಇದರ ಮೇಲೆ ಪೇಟೆಂಟ್ ತೆಗೆದುಕೊಂಡೇ ಬಂದಿದ್ದಾರೆ. ಕಾಲುಳ್ಳದ್ದು, ಕಾಲಿಲ್ಲದ್ದು, ಸಾಲು ಸರಿಸುವ ಕಡ್ಡಿ ಇರುವುದು, ಮ್ಯಾಗ್ನೆಟ್ ಇರುವುದು ಕೂಡ. ಆ ಚಿತ್ರಗಳನ್ನು ನೋಡುತ್ತ ಬೇಜಾರೂ ಆಯಿತು, ಒಂಥರಾ ಸಲಿಗೆಯೂ ಹುಟ್ಟಿತು. ಕತ್ತು ನೋಯಿಸಿಕೊಂಡವರು ನೂರು ವರ್ಷಕ್ಕೂ ಮೊದಲಿನಿಂದ ಇದ್ದಾರೆ.

ಹುಡುಕುತ್ತ ಹುಡುಕುತ್ತ ಒಂದು ರಾತ್ರಿ ನಾವು ದಿನಾ ಕೈಯಲ್ಲಿ ಹಿಡಿಯುವ ಮೌಸಿನ ಮೂಲ ಪೇಟೆಂಟಿಗೇ ಹೋಗಿ ಮುಟ್ಟಿದೆ. ಅಮೆರಿಕದ್ದು, ನಂಬರ್ 3,541,541. ಡಗ್ಲಾಸ್ ಎಂಗೆಲ್‌ಬಾರ್ಟ್ ಹೆಸರಿನಲ್ಲಿದೆ. ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿದ ಮೊದಲ ಮೌಸು ಕಟ್ಟಿಗೆಯದು. ಕೆಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಗಾಲಿ, ಮೇಲೆ ಒಂದೇ ಗುಂಡಿ. ನನ್ನ ಕಣ್ಣಿಗೆ ಬಿದ್ದದ್ದು ತಾರೀಖುಗಳು. ಅರ್ಜಿ ಹಾಕಿದ್ದು 1967ರಲ್ಲಿ. ಸಾನ್‌ಫ್ರಾನ್ಸಿಸ್ಕೋದಲ್ಲಿ ತುಂಬಿದ ಸಭೆಯ ಮುಂದೆ ಮೌಸನ್ನು ತೋರಿಸಿದ್ದು 1968ರ ಡಿಸೆಂಬರ್ 9ರಂದು. ಮೊದಲು ಅರ್ಜಿ, ಆಮೇಲೆ ಪ್ರದರ್ಶನ. ವಕೀಲ ಸಾಹೇಬರು ನನಗೆ ಹೇಳಿದ್ದೂ ಅದೇ ಕ್ರಮ. ಪೇಟೆಂಟ್ ಮಂಜೂರಾದದ್ದು 1970ರಲ್ಲಿ. 1987ಕ್ಕೆ ಅವಧಿ ಮುಗಿಯಿತು, ಮೌಸು ಮನೆಮನೆಗೆ ಹೋದದ್ದು ಅದರ ನಂತರವೇ ಹೆಚ್ಚು. ಎಂಗೆಲ್‌ಬಾರ್ಟರಿಗೆ ಅದರಿಂದ ರಾಯಲ್ಟಿ ಅಂತ ಒಂದು ಪೈಸೆ ಬರಲಿಲ್ಲ. ಪೇಟೆಂಟ್ ಇದ್ದದ್ದು ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯ ಕೈಯಲ್ಲಿ. ಇದನ್ನು ಓದಿದ ಮೇಲೆ ಪೇಟೆಂಟ್ ಬಂದರೆ ದುಡ್ಡಿನ ಮಳೆ ಎಂದು ಮನೆಯವರು ಕಟ್ಟಿದ್ದ ಲೆಕ್ಕಾಚಾರವನ್ನು ನಾನೇ ಅಳಿಸಿದೆ.

ಹುಡುಕಾಟದ ಪ್ರಿಂಟು ತೆಗೆದುಕೊಂಡು ಹೋಗಿ ವಕೀಲರ ಮುಂದಿಟ್ಟೆ. ಅವರು 1970ರ ಪೇಟೆಂಟ್ ಕಾಯ್ದೆ ತೆಗೆದು 3ನೇ ಕಲಮಿನ ಎಫ್ ಉಪಕಲಮು ಓದಿಸಿದರು. ಮೊದಲೇ ಗೊತ್ತಿರುವ ಸಾಧನಗಳು ತಂತಮ್ಮ ಕೆಲಸವನ್ನು ತಂತಮ್ಮ ಪಾಡಿಗೆ ಮಾಡುತ್ತಿದ್ದರೆ, ಅವುಗಳನ್ನು ಬರೀ ಜೋಡಿಸಿಟ್ಟ ಮಾತ್ರಕ್ಕೆ ಆವಿಷ್ಕಾರವಾಗುವುದಿಲ್ಲ ಎಂಬ ಅರ್ಥದ್ದು. ಸ್ಟ್ಯಾಂಡು ಗೊತ್ತಿರುವುದೇ, ಮ್ಯಾಗ್ನೆಟ್ ಗೊತ್ತಿರುವುದೇ, ಸ್ಕೇಲು ಗೊತ್ತಿರುವುದೇ. "ಉಪಯೋಗ ಐತಿ ಅನ್ನೋದಷ್ಟ ಸಾಲಂಗಿಲ್ರಿ. ಈ ವಿಷಯ ಬಲ್ಲವನಿಗೂ ಸುಲಭಕ್ಕ ಹೊಳೀಬಾರದಂಥಾದ್ದು ಒಂದು ಇರಬೇಕು." ಹಟ ಹಿಡಿದು ಹಾಕಿದರೆ ಆಗುವ ಖರ್ಚನ್ನೂ ಲೆಕ್ಕ ಹಾಕಿದೆವು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಗೆ ಕೋರಲು 4,000. ಇದು ಸರ್ಕಾರದ್ದು ಮಾತ್ರ. ವಿವರಣೆ ಬರೆಯುವ ಪೇಟೆಂಟ್ ಏಜೆಂಟರದ್ದು ಬೇರೆ, ಅದು ಇದರ ಹತ್ತು ಪಟ್ಟಿಗೂ ಹೋಗಬಹುದು. ಅರ್ಜಿ ಪ್ರಕಟವಾಗಲಿಕ್ಕೇ ಸಾಧಾರಣವಾಗಿ 18 ತಿಂಗಳು. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ.

ನಿಮ್ಮ ವಸ್ತುವಿನಲ್ಲಿ ನಿಜಕ್ಕೂ ಹೊಸ ತಾಂತ್ರಿಕ ಅಂಶವಿದ್ದರೆ ನನ್ನ ಕಥೆ ಓದಿ ಪೇಟೆಂಟ್ ಬಿಡಬೇಡಿ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಏಜೆಂಟರಿಗೆ ಮುಂಗಡ ಕೊಡುವ ಮುಂಚೆ ಅಲ್ಲಿ ವಿಚಾರಿಸಿ.

ಎರಡು ದಿನ ಮಂಕಾಗಿ ಇದ್ದೆ, ಸುಳ್ಳು ಹೇಳುವುದಿಲ್ಲ. ಸ್ಟ್ಯಾಂಡನ್ನು ಅಂಗಡಿಗೆ ಒಯ್ದು ಇಟ್ಟುಬಿಡೋಣ, ಯಾರು ಬೇಕಾದರೂ ಮಾಡಿಕೊಳ್ಳಲಿ ಅನ್ನಿಸಿತ್ತು. ತಡೆದದ್ದು ವಕೀಲರ ಜೂನಿಯರ್ ಹುಡುಗಿ. "ಮೇಡಂ, ಆಕಾರ ನಿಮ್ಮದೇ ಅಲ್ವಾ? ಡಿಸೈನ್ ಹಾಕ್ರಿ" ಎಂದಳು.

2000ದ ಡಿಸೈನ್ ಕಾಯ್ದೆ ಕಾಪಾಡುವುದು ಕಣ್ಣಿಗೆ ಕಾಣುವ ರೂಪವನ್ನು ಮಾತ್ರ: ಆಕಾರ, ವಿನ್ಯಾಸ, ಗೆರೆ, ಬಣ್ಣ. ವಸ್ತು ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಅದಕ್ಕೆ ಬೇಡ. ಯಂತ್ರತಂತ್ರವನ್ನು ಅದು ಹೊರಗೇ ಇಟ್ಟಿದೆ. ಅಂದರೆ ನಾಳೆ ಇನ್ನೊಬ್ಬರು ಮ್ಯಾಗ್ನೆಟ್ ಪಟ್ಟಿಯ ಚೌಕಾಕಾರದ ಸ್ಟ್ಯಾಂಡು ಮಾಡಿದರೆ ನಾನು ಸುಮ್ಮನಿರಬೇಕು. ಈ ಮೊರದಾಕಾರವನ್ನೇ ನಕಲು ಮಾಡಿದರೆ ಕೇಳಬಹುದು. ಸಿಗುವ ಅವಧಿ 10 ವರ್ಷ, ಅದು ಮುಗಿಯುವ ಮುಂಚೆ ಅರ್ಜಿ ಕೊಟ್ಟರೆ ಮತ್ತೆ 5. ಅರ್ಜಿ ಶುಲ್ಕ ವ್ಯಕ್ತಿಗಳಿಗೆ 1,000 ರೂಪಾಯಿ. ನನ್ನಂಥವರ ಕೈಗೆಟಕುವುದು ಇದೇ. ಕಾನೂನಿನ ದೃಷ್ಟಿಯಿಂದ ನೋಡಿದರೆ ವಿಚಿತ್ರ: ಟೈಪಿಸ್ಟರ ಕತ್ತಿಗೆ ಉಪಕಾರ ಮಾಡುವ ಗುಣಕ್ಕೆ ರಕ್ಷಣೆ ಇಲ್ಲ, ಬದಿಯ ಅಂಚಿನ ಡೊಂಕಿಗೆ ಇದೆ. ನನಗೇನೂ ಬೇಸರವಿಲ್ಲ. ಕತ್ತಿನ ಉಪಕಾರ ಎಲ್ಲರಿಗೂ ಸಿಗಲಿ ಬಿಡಿ.

ಅರ್ಜಿಯನ್ನು ಕೋಲ್ಕತಾದ ಡಿಸೈನ್ ವಿಭಾಗ ನೋಡುತ್ತದೆ, ಆನ್‌ಲೈನಿನಲ್ಲಿ ಮನೆಯಿಂದಲೇ ಹಾಕಬಹುದು. ಏಜೆಂಟ್ ಬೇಕೇಬೇಕು ಎಂದಿಲ್ಲ. ಒಬ್ಬರನ್ನು ಫೋನಿನಲ್ಲಿ ಕೇಳಿದಾಗ 15,000 ಎಂದರು. ನಾನೇ ಮಾಡುತ್ತೇನೆ ಎಂದು ಕೂತೆ. ಆದರೆ ಆನ್‌ಲೈನ್ ಸಹಿಗೆ ಕ್ಲಾಸ್ 3 ಡಿಜಿಟಲ್ ಸಿಗ್ನೇಚರ್ ಬೇಕು. ಪೆನ್‌ಡ್ರೈವ್ ಥರದ ಟೋಕನ್ನಿನಲ್ಲಿ ಬರುತ್ತದೆ. ಇಲ್ಲಿ ಸಿಕ್ಕಿಹಾಕಿಕೊಂಡೆ. ಪ್ಯಾನ್ ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಆಧಾರಿನಲ್ಲಿ ಗಂಡನ ಹೆಸರು ಮತ್ತು ಗಂಡನ ಮನೆಯ ಅಡ್ಡಹೆಸರು. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಅರ್ಧ ಜನರ ಕಥೆ ಇದು. ಮೊದಲು ಪ್ಯಾನ್ ತಿದ್ದುಪಡಿ, ಅದಕ್ಕೆ ಮದುವೆ ನೋಂದಣಿ ಪತ್ರ, ಅದು ಬಂದ ಮೇಲೆ ಸಿಗ್ನೇಚರಿಗೆ ಅರ್ಜಿ, ಮೊಬೈಲ್ ಮುಂದೆ ಪ್ಯಾನ್ ಹಿಡಿದು ವಿಡಿಯೋ. ಬೇಸಿಗೆಯೆಲ್ಲ ಇದಕ್ಕೇ ಹೋಯಿತು. ಟೋಕನ್ ಸೇರಿ ಎರಡು ಸಾವಿರದ ಒಳಗೆ ಆಯಿತು. ವಸ್ತು ಇನ್ನೂ ರಟ್ಟಿನ ಹಂತದಲ್ಲಿರುವಾಗಲೇ ಪ್ಯಾನ್, ಆಧಾರ್ ಎರಡರಲ್ಲೂ ಹೆಸರು ಒಂದೇ ಇದೆಯೋ ನೋಡಿಕೊಳ್ಳಿ. ಮುಂದಿನ ಎಲ್ಲಾ ಕೆಲಸಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಇದೇ.

ವರ್ಗ ಆರಿಸುವುದು ಇನ್ನೊಂದು ಗೊಂದಲ. ಡಿಸೈನುಗಳನ್ನು ಲೊಕಾರ್ನೋ ಎಂಬ ಅಂತಾರಾಷ್ಟ್ರೀಯ ಪಟ್ಟಿಯ ಪ್ರಕಾರ ವಿಂಗಡಿಸುತ್ತಾರೆ. ಕಂಪ್ಯೂಟರ್ ಸಲಕರಣೆ ಎಂದರೆ 14ನೇ ವರ್ಗ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಮಾಹಿತಿ ದಾಖಲಿಸುವ, ಸಂಸ್ಕರಿಸುವ ಉಪಕರಣಗಳದ್ದು. ನನ್ನ ತಗಡು ಏನನ್ನೂ ಸಂಸ್ಕರಿಸುವುದಿಲ್ಲ, ಸುಮ್ಮನೆ ನಿಲ್ಲುತ್ತದೆ. 19ನೇ ವರ್ಗ ಸ್ಟೇಷನರಿ ಮತ್ತು ಕಚೇರಿ ಸಾಮಾನಿನದು, ಅದರಲ್ಲಿ 02 ಕಚೇರಿ ಸಲಕರಣೆ. ಅದನ್ನೇ ಬರೆದೆ, ಅದರ ಮೇಲೆ ಆಕ್ಷೇಪಣೆ ಬರಲಿಲ್ಲ.

ಇನ್ನು ಚಿತ್ರಗಳು. ಅರ್ಜಿಯ ಜೀವ ಇರುವುದೇ ಇವುಗಳಲ್ಲಿ. ಮುಂದಿನಿಂದ, ಹಿಂದಿನಿಂದ, ಎಡ, ಬಲ, ಮೇಲೆ, ಕೆಳಗೆ, ಜೊತೆಗೆ ಓರೆಯಿಂದ ಒಂದು. ಪ್ರತಿ ಹಾಳೆಯ ಮೇಲೆ ಅರ್ಜಿದಾರರ ಹೆಸರು, ಹಾಳೆಯ ಸಂಖ್ಯೆ, ಚಿತ್ರದ ಕೆಳಗೆ ಅದು ಯಾವ ಬದಿ ಎಂಬುದು. ಮದುವೆ ಫೋಟೋ ತೆಗೆಯುವ ಪರಿಚಯದ ಹುಡುಗನನ್ನೇ ಕರೆದೆ (ಅವನಿಂದಲೂ ಒಂದು ಕರಾರಿಗೆ ಸಹಿ ಹಾಕಿಸಿಕೊಂಡು). ಬಿಳಿ ಹಿನ್ನೆಲೆಗೆ ಮಾವನವರ ಒಗೆದ ಧೋತರ ಕಟ್ಟಿದೆವು. ಕಪ್ಪು ಪೌಡರ್ ಕೋಟಿಂಗ್ ಮೇಲೆ ಫ್ಲಾಶ್ ಬಿದ್ದಲ್ಲೆಲ್ಲ ಬಿಳಿ ಮಚ್ಚೆ. "ಅಕ್ಕಾರ, ಮದುಮಗಳ ಮುಖಕ್ಕಾದ್ರ ಪೌಡರ್ ಹಚ್ಚಿ ಕಡಿಮಿ ಮಾಡ್ತೇವಿ, ಇದಕ್ಕ ಪೌಡರ್ ಹಚ್ಚಿನ ತಂದೀರಲ್ಲ" ಎಂದು ತಲೆ ಕೆರೆದುಕೊಂಡ. ಕೊನೆಗೆ ಫ್ಲಾಶ್ ಬಿಟ್ಟು ಗಚ್ಚಿಯ ಮೇಲೆ ಮೋಡದ ಬೆಳಕಿನಲ್ಲಿ ತೆಗೆದ. ಮಚ್ಚೆ ಹೋಯಿತು, ಆದರೆ ಹತ್ತಿರದಿಂದ ತೆಗೆದದ್ದಕ್ಕೆ ಎಡಬದಿಯ ಚಿತ್ರದಲ್ಲಿ ಅಂಚು ದಪ್ಪ, ಬಲಬದಿಯದರಲ್ಲಿ ತೆಳು. ಕಚೇರಿಯವರು ಒಂದು ಚಿತ್ರವನ್ನು ಇನ್ನೊಂದಕ್ಕೆ ಹೊಂದಿಸಿ ನೋಡುತ್ತಾರೆ, ಅಳತೆ ಒಂದಕ್ಕೊಂದು ಕೂಡಬೇಕು. ಹಾಗಾಗಿ ದೂರ ನಿಂತು ಜೂಮ್ ಮಾಡಿ ಮತ್ತೆ ಮೊದಲಿಂದ. ಅವನಿಗೆ 1,500 ಕೊಟ್ಟೆ. ಈಗ ಯಾರಾದರೂ ಕೇಳಿದರೆ ಫೋಟೋ ಗೊಡವೆಯೇ ಬೇಡ, ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದು) ಬರುವ ಡಿಪ್ಲೊಮಾ ಹುಡುಗರಿಂದ ಗೆರೆಚಿತ್ರ ಮಾಡಿಸಿ ಎನ್ನುತ್ತೇನೆ.

ಅರ್ಜಿಯಲ್ಲಿ ಹೊಸತನದ ಹೇಳಿಕೆ ಎಂದು ಎರಡು ಸಾಲು ಬರೆಯಬೇಕು, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ಅದಕ್ಕೊಂದು ನಿಗದಿತ ಧಾಟಿ ಇದೆ: ಹೊಸತನವು ವಸ್ತುವಿನ ಆಕಾರದಲ್ಲಿದೆ, ವಿಶೇಷವಾಗಿ 'ಎ' ಎಂದು ಗುರುತು ಮಾಡಿದ ಭಾಗದಲ್ಲಿ. ನನ್ನ 'ಎ' ಎಂದರೆ ಆ ಮೊರದ ಅಂಚುಗಳು. "ಕತ್ತು ನೋಯುವುದಿಲ್ಲ", "ಕಾಗದ ಹಾರುವುದಿಲ್ಲ" ಎಂದೆಲ್ಲ ಅಲ್ಲಿ ಬರೆಯಬೇಡಿ, ಅದು ಉಪಯೋಗದ ಮಾತು. ಇದರ ಜೊತೆಗೆ ಯಾಂತ್ರಿಕ ಕ್ರಿಯೆಯ ಮೇಲೆ ಹಕ್ಕು ಕೇಳುವುದಿಲ್ಲ ಎಂಬ ಸಾಲೂ ಬೇಕು.

ಮುಂಗಾರು ಶುರುವಾದ ವಾರ ಅರ್ಜಿ ಹೋಯಿತು. ಬೆಳಗಾವಿಯ ಮಳೆ ಗೊತ್ತಲ್ಲ, ಕರೆಂಟು ಹೋಗಿ ಬಂದು ಹೋಗಿ ಬಂದು, ಟೋಕನ್ ಹಾಕಿ ಸಹಿ ಮಾಡುವ ಹೊತ್ತಿಗೇ ಮಾನಿಟರ್ ಕಪ್ಪು. ಯುಪಿಎಸ್ ಮೇಲೆ ಮುಗಿಸಿದೆ. ದುಡ್ಡು ಕಟ್ಟಿದ ಮೇಲೆ ಸಿಬಿಆರ್ (ಕ್ಯಾಶ್ ಬುಕ್ ರಿಸೀಟ್) ಎಂಬ ರಸೀದಿ ಬರುತ್ತದೆ, ಅದರ ಮೇಲೆ ಅರ್ಜಿ ಸಂಖ್ಯೆ, ತಾರೀಖು. ಮುಂದೆ ನೋಂದಣಿಯಾದಾಗ ಹಕ್ಕು ಲೆಕ್ಕವಾಗುವುದು ಈ ತಾರೀಖಿನಿಂದಲೇ. ಆ ರಸೀದಿಯ ಮೂರು ಪ್ರಿಂಟು ತೆಗೆದು, ಮರುದಿನ ಬೆಳಿಗ್ಗೆ ಸ್ಟ್ಯಾಂಡನ್ನು ಅಂಗಡಿಗೆ ಒಯ್ದೆ. ಬಾಜೂ ಅಂಗಡಿಯ ಕಾಕಾ, ರೆಮಿಂಗ್ಟನ್ ಟೈಪ್‌ರೈಟರಿನಿಂದ ಶುರು ಮಾಡಿದವರು, ಪಟ್ಟಿಯನ್ನು ಸಾಲಿಂದ ಸಾಲಿಗೆ ಸರಿಸಿ ಸರಿಸಿ ನೋಡಿ, "ನನಗೊಂದು ಮಾಡಿಸಿಕೊಡವ್ವಾ" ಎಂದರು. ಅವರೇ ನನ್ನ ಮೊದಲ ಗಿರಾಕಿ.

ಆಮೇಲೆ ಕಾಯುವುದು. ಸ್ಥಿತಿ ನೋಡುವ ಪುಟವನ್ನು ದಿನಾ ತೆಗೆಯುವ ಚಟ ಹತ್ತುತ್ತದೆ, ಹತ್ತಿಸಿಕೊಳ್ಳಬೇಡಿ. ಇಮೇಲ್ ಮಾತ್ರ ತಪ್ಪದೆ ನೋಡುತ್ತಿರಿ, ಸ್ಪ್ಯಾಮ್ ಪೆಟ್ಟಿಗೆಯನ್ನೂ. ಪರೀಕ್ಷಾ ವರದಿ ಅಲ್ಲಿಗೇ ಬರುವುದು. ಅರ್ಜಿಯಲ್ಲಿನ ಕೊರತೆಗಳನ್ನು ಅರ್ಜಿ ಹಾಕಿದ ದಿನದಿಂದ ಆರು ತಿಂಗಳೊಳಗೆ ಸರಿಪಡಿಸಬೇಕು. ಶುಲ್ಕ ಕಟ್ಟಿ ಮೂರು ತಿಂಗಳವರೆಗೆ ಹೆಚ್ಚುವರಿ ಕೇಳಬಹುದು. ಅದೂ ಮೀರಿದರೆ ಅರ್ಜಿ ಬಿಟ್ಟುಕೊಟ್ಟ ಹಾಗೆ.

ನನ್ನ ವರದಿ ಬಂದದ್ದು ಗಣಪತಿ ಹಬ್ಬದಲ್ಲಿ, ಗಲ್ಲಿಯಲ್ಲಿ ಢೋಲು ತಾಶೆ ಕಿವಿಗೆ ಬಡಿಯುತ್ತಿರುವಾಗ. ಎರಡು ಆಕ್ಷೇಪಣೆ. ಒಂದು, ಹಿಂಬದಿಯ ಚಿತ್ರದ ಹೆಸರು ಒಂದು ಹಾಳೆಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆ ಎಂಬುದು. ಎರಡನೆಯದು ನಾನು ಕನಸಿನಲ್ಲೂ ಎಣಿಸದ್ದು. ಪಟ್ಟಿಗೆ ಬಳಸಿದ ಸ್ಟೀಲ್ ಸ್ಕೇಲಿನ ಮೇಲೆ ಇಂಚು, ಸೆಂಟಿಮೀಟರಿನ ಅಂಕಿಗಳಿವೆಯಲ್ಲ, ಅವು ಚಿತ್ರದಲ್ಲಿ ಕಾಣುತ್ತಿದ್ದವು. ಡಿಸೈನಿಗೆ ಸಂಬಂಧವಿಲ್ಲದ ಅಕ್ಷರ, ಅಂಕಿ ಚಿತ್ರದಲ್ಲಿ ಇರಬಾರದು, ಇದ್ದರೆ ತೆಗೆಯಬೇಕು. ನಿಯಮ ಓದಿದ ಮೇಲೆ ನ್ಯಾಯವೇ ಅನ್ನಿಸಿತು, 1 2 3 4 ನನ್ನದು ಎಂದು ನಾನೂ ಹೇಳಲಾರೆ. ಮಾಮಾನ ಕಡೆ ಬೋಳು ಪಟ್ಟಿ ಮಾಡಿಸಿ, ಫೋಟೋದ ಹುಡುಗನನ್ನು ಮತ್ತೆ ಗಚ್ಚಿಗೆ ಹತ್ತಿಸಿ, ಇಡೀ ಸೆಟ್ಟು ಹೊಸದಾಗಿ ತೆಗೆಸಿ, ಜೊತೆಗೆ ಒಂದು ಪುಟದ ಉತ್ತರ ಬರೆದು ಕಳಿಸಿದೆ. ಆಕ್ಷೇಪಣೆಯ ಒಂದೊಂದು ಸಾಲನ್ನೂ ಎತ್ತಿ ಬರೆದು ಅದರ ಕೆಳಗೇ ಉತ್ತರ ಕೊಟ್ಟರೆ ಓದುವವರಿಗೂ ಸುಲಭ. ಕೋರ್ಟಿನಲ್ಲಿ ತಕರಾರಿಗೆ ಉತ್ತರ ಹೊಡೆದು ರೂಢಿಯಿದ್ದದ್ದು ಇಲ್ಲಿ ಕೈಹಿಡಿಯಿತು.

ಉತ್ತರ ಕಳಿಸಿ ಕಾಯುತ್ತಿರುವಾಗ ಒಂದು ಫೋನು ಬಂತು. ಹಿಂದಿ. ನನ್ನ ಹೆಸರು, ವಸ್ತುವಿನ ಹೆಸರು ಎರಡೂ ಅವನಿಗೆ ಗೊತ್ತು. ಫೈಲು ಮುಂದೆ ಹೋಗಬೇಕಾದರೆ ಈ ಖಾತೆಗೆ 4,800 ಹಾಕಿ ಎಂದ. ನಾನು ಅಧಿಕೃತ ಪತ್ರ ಕಳಿಸಿ, ಜಾಲತಾಣದಲ್ಲೇ ಕಟ್ಟುತ್ತೇನೆ ಎಂದದ್ದಕ್ಕೆ ಲೈನು ಕಟ್. ಶುಲ್ಕ ಏನಿದ್ದರೂ ನಿಮ್ಮ ಲಾಗಿನ್ನಿನ ಒಳಗಿಂದಲೇ ಕಟ್ಟುವುದು. ಬೇರೆ ಯಾವ ಖಾತೆಗೂ ಹಾಕಬೇಡಿ. ನೋಂದಣಿಯಾಗಿ ಶುಕ್ರವಾರದ ಅಧಿಕೃತ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲಂತೂ ಇಂಥವು ಹೆಚ್ಚಾಗುತ್ತವೆ ಎಂದು ವಕೀಲರು ಎಚ್ಚರಿಸಿದ್ದಾರೆ.

ಪ್ರಮಾಣಪತ್ರ ಬಂದದ್ದು ದೀಪಾವಳಿ ದಾಟಿ, ಸುವರ್ಣಸೌಧದ ಅಧಿವೇಶನಕ್ಕೆ ಊರೆಲ್ಲ ಪೊಲೀಸರು ತುಂಬಿಕೊಂಡಿದ್ದ ದಿನಗಳಲ್ಲಿ. ಒಂದೇ ಪುಟ: ಸಂಖ್ಯೆ, ತಾರೀಖು, ವರ್ಗ 19-02, ನನ್ನ ಹೊಸ ಪ್ಯಾನಿನ ಪ್ರಕಾರದ ಹೆಸರು. ಒಟ್ಟು ಖರ್ಚು, ಮಾದರಿಗಳು, ಸಿಗ್ನೇಚರು, ಎರಡು ಸಲದ ಫೋಟೋ, ಇ-ಸ್ಟಾಂಪು, ಶುಲ್ಕ ಎಲ್ಲ ಹಿಡಿದು ಒಂಬತ್ತು ಸಾವಿರದ ಆಸುಪಾಸು. ಅದರಲ್ಲಿ ಸರ್ಕಾರಕ್ಕೆ ಶುಲ್ಕ ಅಂತ ಹೋದದ್ದು ಒಂದೇ ಸಾವಿರ. ವಕೀಲ ಸಾಹೇಬರು ಫೀ ತೆಗೆದುಕೊಳ್ಳಲಿಲ್ಲ, ಅವರ ಮೇಜಿಗೊಂದು ಸ್ಟ್ಯಾಂಡು ಹೋಯಿತು.

ನಕಲು ಮಾಡಿದವರಿಂದ ಏನು ಸಿಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಡಿಸೈನ್ ಕಾಯ್ದೆಯ 22ನೇ ಕಲಮಿನಲ್ಲಿದೆ: ಒಂದು ಉಲ್ಲಂಘನೆಗೆ 25,000 ರೂಪಾಯಿ ಮೀರದಂತೆ, ಒಂದು ಡಿಸೈನಿಗೆ ಒಟ್ಟು 50,000 ಮೀರದಂತೆ ವಸೂಲಿ. ಅದು ಬೇಡವೆಂದರೆ ನಷ್ಟ ಪರಿಹಾರಕ್ಕೂ ತಡೆಯಾಜ್ಞೆಗೂ ದಾವೆ, ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಅಲ್ಲ. ನಮ್ಮ ಅಂಗಡಿಯಿಂದ ಜಿಲ್ಲಾ ಕೋರ್ಟಿಗೆ ರಸ್ತೆ ದಾಟಿದರೆ ಸಾಕು, ಆದರೂ ಆ ಕೆಲಸ ಬಾರದಿರಲಿ.

ಆ ವಸೂಲಿ ಬೇಕೆಂದರೂ ಒಂದು ಷರತ್ತಿದೆ. ಇದು ನನಗೆ ಪ್ರಮಾಣಪತ್ರ ಬಂದ ಮೇಲೆ 15ನೇ ಕಲಮು ಓದುವಾಗ ಕಂಡದ್ದು. ಮಾರುವ ಪ್ರತಿ ವಸ್ತುವಿನ ಮೇಲೂ ನೋಂದಾಯಿತ ಎಂಬ ಗುರುತು (ಇಂಗ್ಲಿಷಿನಲ್ಲಿ ಚುಟುಕಾಗಿ ಆರ್‌ಡಿ), ಅದರ ಜೊತೆ ನಂಬರು ಇರಬೇಕು. ಈಗ ಕಾಕಾನ ಕಡೆಯವರು, ಹಿಂಡಲಗಾದ ಒಂದು ಝೆರಾಕ್ಸ್ ಅಂಗಡಿಯವರು, ಸಬ್‌ರಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರು ಸೇರಿ ಒಂದಿಷ್ಟು ಆರ್ಡರಿದೆ. ಒಂದಕ್ಕೆ 480ರಂತೆ ಕೊಡುತ್ತಿದ್ದೇನೆ. ನಂಬರನ್ನು ಪೇಂಟಿನಲ್ಲಿ ಬರೆದರೆ ಉಜ್ಜಿ ಹೋಗುತ್ತದೆ, ಸ್ಟಿಕ್ಕರ್ ಹಚ್ಚಿದರೆ ಕಿತ್ತುಹೋಗುತ್ತದೆ. ಲೇಸರಿನಲ್ಲಿ ಕೊರೆಯಬೇಕು, ಮುಂದೆ ಬೇಡ, ಕಾಲಿನ ಹಿಂಬದಿಗೆ. ಮೊನ್ನೆ ಮಾಮಾನ ಶೆಡ್ಡಿಗೆ ಹೋಗಿ ಕೇಳಿದೆ. ಅವರು ಪ್ರಮಾಣಪತ್ರದ ಝೆರಾಕ್ಸನ್ನು ಕಣ್ಣಿನ ಹತ್ತಿರ ಹಿಡಿದು ಅಂಕಿ ಎಣಿಸಿದರು.

"ಆರ್‌ಡಿ ಅಂತ ಎರಡು ಅಕ್ಷರ ಮುಂದ ಹಾಕಬೇಕೇನು?"

"ಹೌದ್ರಿ ಮಾಮಾ."

"ಹಂಗಾರ ಒಂದಕ್ಕ ಆರು ರೂಪಾಯಿ ಜಾಸ್ತಿ ಆಗತೈತಿ ನೋಡ್ರಿ. ಇಪ್ಪತ್ತರ ಮ್ಯಾಲ ಮಾಡಿಸಿದ್ರ ನಾಕು."

ಇಪ್ಪತ್ತೈದಕ್ಕೆ ಆರ್ಡರ್ ಕೊಟ್ಟು ಬಂದಿದ್ದೇನೆ.